ಒಂದು ಪಾಲು

ರೋಹಿಣಿ ಮಳಿ ಬೀಳೂಕಿಂತ ಮದಲ
ಸಾಂವಕ್ಕನ ಕೈಯಾಗ ರೊಕ್ಕಾ ಎಣಿಸಿ ಇಟ್ಟೆ:
ನಾಕು ಸಾವಿರದ ಎಂಟನೂರು.
ಬಿತ್ತಿದ್ದು ಬೆಳದ ಮ್ಯಾಲೆ ಹದಿನಾರು ವಾರ,
ವಾರಕ್ಕೊಂದು ಚೀಲ ಕಾಯಿಪಲ್ಲೆ.
ಹೊಲಾ ಅಮ್ಮಿನಭಾವಿ ಸೀಮ್ಯಾಗ,
ನಾ ನೋಡಿದ್ದಿಲ್ಲ.

ಪಾವತಿ ಕೇಳಿದೆ.
ಮೂವತ್ತು ವರ್ಷ ವಿಮಾ ಆಫೀಸಿನ್ಯಾಗ
ಪಾವತಿ ಹರದಾಕಿ, ಚಟ ಹೋಗೂದಿಲ್ಲ.
ಆಕಿ ಮಗಳ ಪಾಟೀಚೀಲದಾಗಿನ
ಗಣಿತದ ವಹಿಯಿಂದ ಒಂದು ಹಾಳಿ ಹರದು
ತಪ್ಪು ಲೆಕ್ಕದ ಬೆನ್ನಿಗೆ ಬರದ್ಲು:
‘ಇಂದುಮತಿ ಹಂಚಿನಾಳ, ಮಾಳಮಡ್ಡಿ.
ಒಂದು ಪಾಲು.’

ಪಾಲು.
ಆ ಎರಡು ಅಕ್ಷರ ನನ್ನ ಹೆಸರಿನ ಮುಂದ
ಅಲ್ಲೀತನಕಾ ಯಾರೂ ಬರದಿದ್ದಿಲ್ಲ.

ಒಮ್ಮೆ ಬರೂದಿತ್ತು.
ಸಬ್ ರಜಿಸ್ಟ್ರಾರ್ ಕಚೇರಿ, ಫ್ಯಾನು ಗರಗರ,
ಆ ಕಡೆ ದೊಡ್ಡಣ್ಣ, ಈ ಕಡೆ ಸಣ್ಣಣ್ಣ.
‘ತವರು ಗಟ್ಟಿ ಇರಬೇಕಂದ್ರ
ಕೈ ಸಡಲ ಬಿಡಬೇಕವಾ’ ಅಂದಿದ್ಲು ಅತ್ತಿ.
ಬಿಟ್ಟೆ. ಮೂರು ಕಡೆ ಸಹಿ.
ಒಂದು ಇಳಕಲ್ ಸೀರಿ, ಒಂದು ಪ್ಲೇಟು ಗಿರಮಿಟ್ಟು.
ಗಿರಮಿಟ್ಟಿಗೆ ಉಪ್ಪು ಜಾಸ್ತಿ ಆಗಿತ್ತು,
ಅದೊಂದು ನೆನಪೈತಿ.

ಗುರುವಾರ ಮುಂಜಾನೆ ಏಳಕ್ಕ
ರೈಲ್ವೆ ಗೇಟಿನ ಹತ್ತರ ಹುಣಸೀಗಿಡದ ಬುಡಕ
ಸಾಂವಕ್ಕನ ಟಂಟಂ ಬಂದು ನಿಂದರತೈತಿ.
ನಾವು ಹನ್ನೆರಡು ಮಂದಿ ಪಾಲಿನವರು,
ನದಾಫ ಮಾಸ್ತರು, ಹಲ್ಲಿನ ಡಾಕ್ಟರು,
ಹಾಸ್ಟೇಲಿನ ಅಡಗಿ ಗಿರಿಜವ್ವ,
ಮಾರಿ ಸುದ್ಧಾ ತೊಳೀದ ಬಂದಿರತೇವಿ.

ಮದಲನೇ ವಾರ ಪುಂಡಿಪಲ್ಲೆ, ರಾಜಗಿರಿ.
ಎರಡನೇ ವಾರ ರಾಜಗಿರಿ, ಪುಂಡಿಪಲ್ಲೆ.
‘ಸಂತ್ಯಾಗ ಇದರಕ್ಕಿಂತ ಸೋವಿ’ ಅಂದ್ರು ಡಾಕ್ಟರು.
ಐದಕ್ಕ ಚವಳಿಕಾಯಿ, ಸವತಿಕಾಯಿ,
ಏಳಕ್ಕ ತುಪ್ಪರಿಕಾಯಿ, ತುಪ್ಪರಿಕಾಯಿ,
ನೆರಿಯವರು ನನ್ನ ನೋಡಿ ಬಾಗಲಾ ಹಾಕ್ಕೊಳ್ಳೂವಷ್ಟು ತುಪ್ಪರಿಕಾಯಿ.
ಇವತ್ತೇನು ಮಾಡ್ಲಿ ಅಂತ ನಾ ಕೇಳೂದು ನಿಂತು
ಚೀಲ ಹೇಳಿದ್ದು ಮಾಡೂದು ಶುರುವಾತು.

ಒಂಬತ್ತನೇ ವಾರ ಫೋನು:
‘ಅಕ್ಕಾರ, ನಿಮ್ಮ ಬದನೀಗಿಡಕ್ಕ ಹುಳಾ ಬಿದ್ದಾವ್ರಿ.’

ಚೀಲದಾಗ ನಾಕು ಮೆಣಸಿನಕಾಯಿ,
ಒಂದು ಹಿಡಿ ಕೊತಂಬ್ರಿ, ತೂತಿನ ಬದನೀಕಾಯಿ ಒಂದು.
ಡಾಕ್ಟರು ರೊಕ್ಕಾ ತಿರಗಿ ಕೇಳಿದ್ರು.
ನನಗೂ ಸಿಟ್ಟು ಬಂದಿತ್ತು, ಸುಳ್ಳ್ಯಾಕ ಹೇಳ್ಲಿ,
ಮುನ್ನೂರು ರೂಪಾಯಿಗೆ ಇದೇನು ಅಂತ
ದಾರಿ ತುಂಬ ಒದರಿಕೋತ ಬಂದೆ.

ಕೊಯ್ದೆ. ಒಳಗ ಕುಂತಿತ್ತು,
ದುಂಡಗ, ಎಳೇ ಗುಲಾಬಿ ಬಣ್ಣದ್ದು,
ಬೆಳಕಿಗೆ ಮೈ ಹೊರಳಿಸಿತು.
‘ನಿಮ್ಮ’ ಅಂದಿದ್ಲಲ್ಲ ಸಾಂವಕ್ಕ.
ನಿಮ್ಮ ಬದನೀಗಿಡ.
ಹಂಗಾದ್ರ ಇದು ನನ್ನ ಹುಳಾ,
ಹನ್ನೆರಡರಾಗಿಂದು ಒಂದು.
ನಮ್ಮಣ್ಣಗೋಳು
ಹೊಲದ ಹುಳಾ ಸುದ್ಧಾ ನನಗ ಬಿಟ್ಟಿದ್ದಿಲ್ಲ.

ಗಜ್ಜರಿ ಬಂದ್ವು, ಮೂಲಂಗಿ ಬಂದ್ವು,
ಧೋತರ ಉಟ್ಟಂಗ ಎರಡು ಕಾಲಿನ ಗಜ್ಜರಿ,
ಬೇರಿಗೆ ಎರಿಮಣ್ಣು ಜಿಗಟಾಗಿ ಹತ್ತಿಕೊಂಡು.
ಬಕೀಟಿನ್ಯಾಗ ತೊಳದೆ.
ರಾತ್ರಿ ತಳಕ್ಕ ಕುಂತಿದ್ದು
ಮುಂಜಾನೆ ಚೆಲ್ಲಾಕ ಮನಸ್ಸಾಗ್ಲಿಲ್ಲ.
ನೀರು ಬಸದು, ಹಳೇ ಎಣ್ಣಿ ಡಬ್ಬಿಗೆ ಸುರದೆ.
ವಾರಕ್ಕೊಂದು ಬೊಗಸಿ.

ದೀಪಾವಳಿಗೆ ಡಬ್ಬಿ ಅರ್ಧ ಆಗೈತಿ.
ಸರ್ವೇ ನಂಬರಿಲ್ಲ, ಉತಾರಿಲ್ಲ.
ಚೆಕ್ಕಬಂದಿ:
ಮೂಡಲಕ್ಕ ಅರಬಿ ಒಗಿಯೂ ಕಲ್ಲು,
ಪಡುವಲಕ್ಕ ನಳ,
ಬಡಗಲಕ್ಕ ದೇಸಾಯರ ಕಂಪೌಂಡು,
ತೆಂಕಲಕ್ಕ ನನ್ನ ಚಪ್ಪಲಿ.
ಅದರಾಗ ಎರಡೆಲಿದು ಏನೋ ಎದ್ದೈತಿ,
ಕಳೇನೋ ಬೆಳೀನೋ
ಸಾಂವಕ್ಕ ಬಂದು ನೋಡಿ ಹೇಳಬೇಕು.

ಪಾಡ್ಯಕ್ಕ ದೊಡ್ಡಣ್ಣ ಬಂದಿದ್ದ.
‘ಡಬ್ಬ್ಯಾಗ ಏನವಾ ಇಂದೂ?’
‘ಹೊಲಾ’ ಅಂದೆ.
ನಕ್ಕ. ನಾನೂ ನಕ್ಕೆ.
ಕರಚೀಕಾಯಿ ತಿಂದ, ಚಾ ಕುಡದ, ಮಣಕಾಲು ನೋವಿನ ಸುದ್ದಿ ಹೇಳಿದ.
ಹಿತ್ತಲ ಬಾಗಲದಿಂದ ಹೊಂಟಾಗ
ಒಂದು ಕಾಲು ಎತ್ತಿದವ
ಹಂಗ ತಡದು ಕೆಳಗಿಟ್ಟ,

ಡಬ್ಬಿ ದಾಟಲಿಲ್ಲ.
ಸುತ್ತ ಹಾಸಿ ಹೋದ.